ಕಾಶಿಗಂಗೆ ಉಣ್ಣೆತೀರ್ಥವಾದದ್ದು

ನಮ್ಮ ಗೋಣಿಕಟ್ಟೆಯ ಉಣ್ಣೆತೀರ್ಥಕ್ಕೆ ಬರುವವರು ಮೊದಲು ನಗುತ್ತಾರೆ, ಆಮೇಲೆ ಕೇಳುತ್ತಾರೆ. ತೀರ್ಥವೆಂದರೆ ತುಳಸಿ ಇರಬೇಕು, ಪಚ್ಚಕರ್ಪೂರ ಇರಬೇಕು, ಉಣ್ಣೆಗೆ ಅಲ್ಲೇನು ಕೆಲಸ ಎಂದು. ನಗಲಿ, ಅಡ್ಡಿಯಿಲ್ಲ. ನಾನು ಆ ತೀರ್ಥದ ಪೂಜಾರರ ಮನೆಯವನು, ಹೆಸರು ನಿಂಗಪ್ಪ, ವಯಸ್ಸು ಎಪ್ಪತ್ತೆಂಟು. ಈ ಐತಿಹ್ಯದಲ್ಲಿ ಮಾನ ಹೋಗುವುದು ನಮ್ಮ ಮನೆತನದ್ದೇ. ಆದ್ದರಿಂದ ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು.

ಮೊದಲು ಜಾಗದ ಅಂದಾಜು ಸಿಗಬೇಕು. ನಮ್ಮ ಕಣಿವೆ ದೊಡ್ಡದೇನಲ್ಲ. ಮೇಲ್ತುದಿಯಲ್ಲಿ ಬೆಣಚುಕಲ್ಲಿನ ಗುಡ್ಡ, ಬಿಸಿಲು ಬಿದ್ದರೆ ಕಣ್ಣು ಕುಕ್ಕುವಷ್ಟು ಬಿಳುಪು. ಅದರ ಮೈಯಿಂದ ಎಳೆಎಳೆಯಾಗಿ ಇಳಿಯುವ ನೀರು ಕುರಿಹಟ್ಟಿಯ ಬಳಿ ಒಂದು ಮಡುವಿನಲ್ಲಿ ಕೂಡುತ್ತದೆ. ಮಡು ದಾಟಿದೊಡನೆ ನೆಲದ ಬಣ್ಣ ಬದಲಾಗಿ ಬೂದಿಬಣ್ಣದ ಸುಣ್ಣಕಲ್ಲು ಶುರುವಾಗುತ್ತದೆ. ಅಲ್ಲಿ ಒಂದು ಬಂಡೆಯ ಬುಡದಲ್ಲಿ ಮೊರದಷ್ಟು ಅಗಲದ ಬಿಲವಿದೆ. ಇಡೀ ಹಳ್ಳ ಗುಳುಗುಳು ಎನ್ನುತ್ತ ಅದರೊಳಗೆ ಹೋಗಿಬಿಡುತ್ತದೆ. ಅಲ್ಲಿಂದ ಕೆಳಕ್ಕೆ ಒಂದೂವರೆ ಮೈಲಿ ಬರೀ ಉರುಟುಕಲ್ಲು. ಜೋರು ಮಳೆಗಾಲ ಬಿಟ್ಟರೆ ಆ ಹಾದಿಯಲ್ಲಿ ಹನಿ ನೀರು ಕಾಣುವುದಿಲ್ಲ, ಆದರೂ ಎರಡೂ ದಂಡೆಯ ಹೊಳೆಮತ್ತಿ ಮರಗಳು ಬೇಸಿಗೆಯಲ್ಲೂ ಹಸಿರಾಗಿ ನಿಂತಿರುತ್ತವೆ. ಕೊನೆಗೆ ಗೋಣಿಕಟ್ಟೆಯ ಹತ್ತಿರ ಯಾರೋ ಏರಿ ಕಟ್ಟಿದಂತೆ ಕರಿಕಲ್ಲಿನ ಸಾಲೊಂದು ಕಣಿವೆಗೆ ಅಡ್ಡ ಬಂದಿದೆ. ಅದರ ಬುಡದ ಬಿರುಕಿನಿಂದ ತಣ್ಣನೆಯ ನೀರು ಮೇಲೇಳುತ್ತದೆ. ಅದೇ ಉಣ್ಣೆತೀರ್ಥ.

ಕೆಲವು ವರ್ಷಗಳ ಹಿಂದೆ ಕಲ್ಲಿನ ಶಾಸ್ತ್ರ ಓದಿದ ಒಬ್ಬ ಹೆಣ್ಣುಮಗಳು ಸುತ್ತಿಗೆ ಹಿಡಿದು ಬಂದಿದ್ದಳು. ನಮ್ಮ ಜಗಲಿಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದು ಎಲ್ಲ ಬಿಡಿಸಿ ಹೇಳಿದಳು. ಬಾಯಲ್ಲಿಟ್ಟ ಕಲ್ಲುಸಕ್ಕರೆ ಕರಗುವಂತೆ ಸುಣ್ಣಕಲ್ಲು ನೀರಿಗೆ ಕರಗುತ್ತದಂತೆ. ಸಾವಿರಾರು ವರ್ಷ ಕರಗಿ ಕರಗಿ ಒಳಗೆ ಹಾದಿ ಆಗಿದೆಯಂತೆ. ಕರಿಕಲ್ಲಾದರೋ ಭೂಮಿಯ ಬಿರುಕಿನಲ್ಲಿ ಕುದಿಯುತ್ತ ಮೇಲೆದ್ದು ತಣಿದು ಗಟ್ಟಿಯಾದದ್ದು, ಅದು ಯಾವ ನೀರಿಗೂ ಜಗ್ಗುವುದಿಲ್ಲ. ಹಾಗಾಗಿ ಒಳಗೆ ಹರಿದುಬಂದ ಹಳ್ಳ ಅದಕ್ಕೆ ಹಣೆ ಬಡಿದು ಮೇಲಕ್ಕೆ ಬರುತ್ತದೆ. ನಾನು ಎಲ್ಲ ಕೇಳಿಸಿಕೊಂಡು, ತಾಯಿ, ನೀನು ಐದು ವರ್ಷ ಕಾಲೇಜಿನಲ್ಲಿ ಕೂತು ಕಲಿತದ್ದನ್ನು ನಮ್ಮ ಮನೆಯ ಸೊಸೆ ಒಬ್ಬಳು ಮೂರೇ ದಿನದಲ್ಲಿ ಕಂಡುಹಿಡಿದಿದ್ದಳು ಎಂದೆ. ಅವಳೂ ನಕ್ಕಳು. ಆಮೇಲೆ ಪುಸ್ತಕ ತೆಗೆದು ಬರೆದುಕೊಂಡಳು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ನೀರಿಗೆ ಕಾಶಿಗಂಗೆ ಎಂದು ಹೆಸರಿತ್ತು ಎನ್ನುತ್ತಾರೆ. ಹೆಸರಿಟ್ಟವನು ನಮ್ಮ ಹಿರೀಕ, ಪೂಜಾರಿ ಓಬಯ್ಯ. ಅವನು ಕಾಶಿ ಕಂಡವನಲ್ಲ. ಮೂರು ಹರದಾರಿ ಆಚೆಯ ಸಂತೆಯೇ ಅವನ ಪಾಲಿಗೆ ಭೂಮಿಯ ಅಂಚು. ಆದರೂ ತನ್ನ ಮುತ್ತಜ್ಜ ಕಾಶಿಯ ಗಂಗೆಯಲ್ಲಿ ಕಳೆದುಕೊಂಡ ಬೆತ್ತ ಈ ಬಿರುಕಿನಲ್ಲಿ ತೇಲಿಬಂತೆಂದು ಎದೆ ತಟ್ಟಿ ಹೇಳುತ್ತಿದ್ದ. ಬೆತ್ತ ತೋರಿಸು ಎಂದರೆ ಅಟ್ಟದ ಮೇಲಿದೆ ಎನ್ನುತ್ತಿದ್ದ, ಅಟ್ಟ ಹತ್ತು ಎಂದರೆ ಮಂಡಿನೋವು ಎನ್ನುತ್ತಿದ್ದ. ಸುತ್ತಲಿನ ಏಳು ಹಳ್ಳಿಯವರು ಅವನ ಕೈಯಿಂದ ಒಂದು ಉದ್ಧರಣೆ ನೀರು ಕುಡಿದು ಕಾಶಿಗೆ ಹೋಗಿಬಂದಷ್ಟೇ ತೃಪ್ತಿಯಾಗಿ ಮನೆಗೆ ಹೋಗುತ್ತಿದ್ದರು. ಅತ್ತ ಹಟ್ಟಿಯವರೇನು ಕಡಿಮೆಯೇ? ತಮ್ಮ ಹಳ್ಳ ಬಿಲದಲ್ಲಿ ಇಳಿದು ಪಾತಾಳದ ನಾಗರಿಗೆ ಕುಡಿಯುವ ನೀರಾಗುತ್ತದೆ ಎಂದು ಅವರ ನಂಬಿಕೆ. ಮೇಲಿನವರು ಹಳ್ಳ ಮುಗಿಯುವ ಜಾಗ ಕಂಡಿದ್ದರು, ಕೆಳಗಿನವರು ನೀರು ಹುಟ್ಟುವ ಜಾಗ ಕಂಡಿದ್ದರು. ನಡುವೆ ಒಂದೂವರೆ ಮೈಲಿ ಒಣಕಲ್ಲು ಬಿದ್ದಿದ್ದರಿಂದ ಎರಡನ್ನೂ ಕೂಡಿಸಿ ನೋಡುವ ಗೊಡವೆಗೆ ಯಾರೂ ಹೋಗಿರಲಿಲ್ಲ.

ಹೀಗಿರುವಾಗ ಓಬಯ್ಯನ ಮಗ ಮೈಲಾರಿಗೆ ಹಟ್ಟಿಯ ಭರಮಣ್ಣನ ಮಗಳು ಮಾಳವ್ವನನ್ನು ತಂದರು. ಹಟ್ಟಿಯವರು ಕುರಿ ಸಾಕಿ ಕಂಬಳಿ ನೇಯುವ ಜನ. ಮಗಳ ಬಳುವಳಿಗೆ ಏಳು ಕುರಿ ಕೊಡುವುದು, ಆ ಏಳನ್ನೂ ನಿಂತ ನೀರಿನಲ್ಲಿ ತೊಳೆಯುವುದು ಅವರ ಪದ್ಧತಿ. ಹರಿಯುವ ನೀರಿನಲ್ಲಿ ತೊಳೆದರೆ ಮಗಳ ಭಾಗ್ಯವೂ ಹರಿದುಹೋಗುತ್ತದೆಂಬ ಭಯ. ಅದಕ್ಕಾಗಿ, ಬೇರೆ ದಿನ ಮಡುವಿನಲ್ಲೇ ಕುರಿ ತೊಳೆಯುವವರೆಲ್ಲ ಬಳುವಳಿಯ ಕುರಿಗಳನ್ನು ಮಾತ್ರ ದೂರದ ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಭರಮಣ್ಣನಿಗೆ ಮಾತ್ರ ಮದುವೆಯ ಗಡಿಬಿಡಿಯಲ್ಲಿ ಒಂದು ಉಪಾಯ ಹೊಳೆಯಿತು. ಬಿಲ ಮುಚ್ಚಿದರೆ ಮನೆಬಾಗಿಲ ಮಡುವೇ ನಿಂತ ನೀರಾಗುತ್ತದಲ್ಲ! ಕಂಬಳಿಯವರಿಗೆ ಏನನ್ನು ಮುಚ್ಚಬೇಕಾದರೂ ಗೊತ್ತಿರುವುದು ಒಂದೇ ದಾರಿ. ಹಳೆಯ ಕಂಬಳಿ ಚೂರುಗಳನ್ನು, ನೇಯ್ದ ಕಂಬಳಿಗೆ ಬಳಿಯುವ ಹುಣಸೆಬೀಜದ ಅಂಟುಸರಿಯಲ್ಲಿ ನೆನೆಸಿ, ಒಂದರ ಮೇಲೊಂದು ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿದ. ಅಂಥ ಕಂಬಳಿ ಹೊದ್ದವನ ಬೆನ್ನಿಗೆ ಮಳೆ ಇಳಿಯುವುದಿಲ್ಲ, ಬಿಲಕ್ಕೂ ನೀರು ಇಳಿಯಲಿಲ್ಲ. ಮಡು ಎದೆಮಟ್ಟ ತುಂಬಿತು. ಕುರಿ ತೊಳೆದದ್ದಾಯಿತು, ಐದನೆಯ ದಿನಕ್ಕೆ ಮದುವೆಯೂ ಆಯಿತು. ಬಿಲ ಬಿಚ್ಚುವುದು ಮಾತ್ರ ಯಾರ ನೆನಪಿಗೂ ಬರಲಿಲ್ಲ.

ಮಾಳವ್ವ ಗಂಡನ ಮನೆಯ ಹೊಸಿಲು ತುಳಿದ ಮಾರನೆಯ ಬೆಳಗ್ಗೆ ಓಬಯ್ಯ ಬಿಂದಿಗೆ ಹಿಡಿದು ಹೋದರೆ ಕಾಶಿಗಂಗೆ ದಾರದಷ್ಟು ಸಣ್ಣಗಾಗಿತ್ತು. ಮಧ್ಯಾಹ್ನಕ್ಕೆ ಅದೂ ನಿಂತು ಕೆಸರು ಉಳಿಯಿತು. ಊರು ಕೂಡಿತು. ಗಂಗೆ ಮುನಿದಿದ್ದಾಳೆ ಎಂದು ಒಬ್ಬರು, ಯಾರ ಮೇಲೆ ಎಂದು ಇನ್ನೊಬ್ಬರು. ಅಷ್ಟರಲ್ಲಿ ನಿನ್ನೆ ಮೊನ್ನೆ ಊರಿಗೆ ಹೊಸದಾಗಿ ಕಾಲಿಟ್ಟವರು ಯಾರು ಎಂದು ಮತ್ತೊಬ್ಬರು ಕೇಳಿಯೇಬಿಟ್ಟರು. ಸೊಸೆಯ ಕಾಲ್ಗುಣ ಎಂಬ ಮಾತನ್ನು ಓಬಯ್ಯ ಆಡಲಿಲ್ಲ, ನಿಜ. ಆದರೆ ಬೇರೆಯವರು ಆಡಿದಾಗ ಸುಮ್ಮನಿದ್ದ. ಆ ಮಾತಿನಿಂದ ಅವನ ಕಾಶಿ ಉಳಿಯುತ್ತಿತ್ತು. ಬೆತ್ತದ ಸುಳ್ಳನ್ನು ನಾನು ನಕ್ಕು ಕ್ಷಮಿಸಿದ್ದೇನೆ, ಆ ಮೌನಕ್ಕೆ ಮಾತ್ರ ನನಗೆ ಇಂದಿಗೂ ನಾಚಿಕೆ. ಮೂರು ದಿನದೊಳಗೆ ಗಂಗೆ ಬಾರದಿದ್ದರೆ ಹುಡುಗಿಯನ್ನು ಏಳು ಕುರಿಯೊಡನೆ ತವರಿಗೆ ಕಳಿಸುವುದೆಂದು ಹಿರಿಯರು ತೀರ್ಮಾನಿಸಿದರು. ಕಾಲ್ಗುಣ ಸರಿಯಿಲ್ಲವೆಂದು ವಾಪಸು ಬಂದ ಹೆಣ್ಣನ್ನು ಆಗ ಯಾರೂ ಮತ್ತೆ ತರುತ್ತಿರಲಿಲ್ಲ. ಜೀವಮಾನವಿಡೀ ಅಪ್ಪನ ಒಲೆಯ ಮುಂದೆ ಕೂರಬೇಕಾಗಿತ್ತು.

ಮಾಳವ್ವ ಒಂದಷ್ಟು ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ನೀರು ಸಣ್ಣಗಾಗತೊಡಗಿದ್ದು ಯಾವತ್ತಿನಿಂದ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ದಿನವೂ ಅಲ್ಲಿಂದಲೇ ನೀರು ಹೊರುತ್ತಿದ್ದವಳು. ಯೋಚಿಸಿ, ಮದುವೆಗೆ ಎರಡು ದಿನ ಇರುವಾಗಲೇ ಕೊಡ ತುಂಬುವುದು ತಡವಾಗುತ್ತಿತ್ತು, ಚಪ್ಪರದ ಗದ್ದಲದಲ್ಲಿ ಯಾರಿಗೆ ಹೇಳಲಿ ಎಂದಳು. ಹಾಗಾದರೆ ತಾನು ಈ ಊರಿಗೆ ಬರುವ ಮೊದಲೇ ನೀರು ಸೋತಿತ್ತು! ಮಾಳವ್ವ ಬೆರಳು ಮಡಚಿ ದಿನ ಎಣಿಸಿದಳು, ಅಪ್ಪ ಬಿಲ ಮುಚ್ಚಿದ್ದು ನೆನಪಾಯಿತು. ನೆಟ್ಟಗೆ ಎದ್ದು ಮಾವನ ಎದುರು ಹೋಗಿ ನಿಂತಳು.

“ಮಾವ, ನಿಮ್ಮ ಗಂಗೆ ಮುನಿದಿಲ್ಲ. ನಮ್ಮಪ್ಪ ಅವಳ ಬಾಯಿಗೆ ಕಂಬಳಿ ತುರುಕಿದಾನೆ.”

ಓಬಯ್ಯನಿಗೆ ಸಿಟ್ಟು ನೆತ್ತಿಗೇರಿತು. ಕುರಿ ಮಿಂದ ಮಡುವಿನ ನೀರನ್ನೇ ತಾನು ಇಷ್ಟು ವರ್ಷ ಏಳು ಹಳ್ಳಿಗೆ ಗಂಗೆಯೆಂದು ಕುಡಿಸಿದ್ದೇನೆಯೇ ಎಂದು ಕೂಗಾಡಿದ. ಮಾಳವ್ವ ಮಾತು ಬೆಳೆಸಲಿಲ್ಲ. ಬಿಲ ಬಿಚ್ಚಿಸಿ, ನೀರಿನ ಹಿಂದೆಯೇ ಅರಿಶಿನ ಅದ್ದಿದ ಉಣ್ಣೆಯನ್ನು ಬಿಡಿಸುತ್ತೇನೆ, ಅದು ಇಲ್ಲಿ ಎದ್ದುಬಂದರೆ ನಾನು ಇರುತ್ತೇನೆ, ಬಾರದಿದ್ದರೆ ನಾನೇ ಹೊರಡುತ್ತೇನೆ ಎಂದಳು. ಮೈಲಾರಿಗೆ ಹೆಂಡತಿಯ ಪರಿಚಯವಾಗಿ ಎರಡೇ ದಿನ. ಆದರೂ ಅಪ್ಪನ ಅಪ್ಪಣೆಗೆ ಕಾಯದೆ ಚಪ್ಪಲಿ ಮೆಟ್ಟಿ ಗುಡ್ಡದ ದಾರಿ ಹಿಡಿದ. ನಮ್ಮ ವಂಶದಲ್ಲಿ ಒಬ್ಬನಿಗಾದರೂ ಬುದ್ಧಿ ಇತ್ತಲ್ಲ ಎಂದು ನನಗೆ ಸಮಾಧಾನ.

ಸುದ್ದಿ ಕೇಳಿ ಭರಮಣ್ಣ ಹಣೆ ಚಚ್ಚಿಕೊಂಡನಂತೆ. ಮೂವರು ಗಂಡಸರು ನೀರಿಗಿಳಿದು ಎಳೆದ ಮೇಲೆ ಕಂಬಳಿಯ ಬಿರಡೆ ಕಿತ್ತುಬಂತು. ಮಡು ಸುಳಿ ತಿರುಗುತ್ತ ಬಿಲಕ್ಕೆ ನುಗ್ಗಿತು. ಭರಮಣ್ಣ ಕೈಯಾರೆ ಅರಿಶಿನದ ಉಣ್ಣೆಯನ್ನು ಹಿಡಿಹಿಡಿಯಾಗಿ ಅದರ ಹಿಂದೆ ಬಿಟ್ಟ. ಮೈಲಾರಿ ನೀರಿಗಿಂತ ಮುಂಚೆ ಊರು ಮುಟ್ಟಬೇಕೆಂದು ಏದುಸಿರು ಬಿಡುತ್ತ ಓಡಿ ಇಳಿದುಬಂದು ನೋಡಿದರೆ ಬಿರುಕು ಒಣಗಿಯೇ ಇತ್ತು. ಎರಡನೆಯ ದಿನವೂ ಹಾಗೆಯೇ. ಬರಿದಾದ ಕಲ್ಲಿನ ಪೊಟರೆಗಳು ಮೊದಲು ತುಂಬಬೇಕು, ಆಮೇಲೆ ತಾನೇ ನೀರು ಮೇಲೇಳುವುದು. ಅದು ಆಗ ಯಾರಿಗೆ ಗೊತ್ತು? ಮಾಳವ್ವ ಕರಿಕಲ್ಲಿನ ಪಕ್ಕ ಕೂತವಳು ಊಟಕ್ಕೂ ಏಳಲಿಲ್ಲ. ಉಣ್ಣೆ ಒಳಗೆಲ್ಲೋ ಸಿಕ್ಕಿಹಾಕಿಕೊಂಡಿರಬಹುದು ಎಂಬ ಯೋಚನೆ ಬಂದಾಗಲೆಲ್ಲ ಬಿರುಕಿಗೆ ಕೈಯಿಟ್ಟು ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದಳು.

ಮೂರನೆಯ ದಿನ ಬಿಸಿಲು ಇಳಿಮುಖವಾಗಿತ್ತು. ಕಳಿಸಲೆಂದು ಏಳು ಕುರಿಗಳಿಗೂ ಹಗ್ಗ ಹಾಕಿ ಆಗಿತ್ತು. ಆಗ ಬಿರುಕಿನಿಂದ ಉಸಿರು ಬಿಟ್ಟಂತೆ ಗಾಳಿ ಬಂತು, ಅದರ ಹಿಂದೆ ಕೆಸರು ನೀರು, ಅದರ ಹಿಂದೆ ತಿಳಿನೀರು. ಜನ ಕೈ ಮುಗಿಯುವಷ್ಟರಲ್ಲಿ ಹಳದಿ ಉಣ್ಣೆಯ ಉಂಡೆಯೊಂದು ಕೋಳಿಮರಿಯಂತೆ ತೇಲುತ್ತ ಹೊರಬಂದು ಕಲ್ಲಿನ ಅಂಚಿಗೆ ನಿಂತಿತು. ಗುಂಪಿನಲ್ಲಿ ಯಾರೋ, ಗಂಗಮ್ಮ ಒಲಿದು ಅರಿಶಿನ ಭಂಡಾರ ಕಳಿಸಿದಳು ಎಂದರು. ಓಬಯ್ಯ ಅದನ್ನೇ ಹಿಡಿದುಕೊಳ್ಳಬಹುದಿತ್ತು. ಹಿಡಿದಿದ್ದರೆ ನೀರೂ ಉಳಿಯುತ್ತಿತ್ತು, ಸೊಸೆಯೂ ಉಳಿಯುತ್ತಿದ್ದಳು, ಕಾಶಿಯೂ ಉಳಿಯುತ್ತಿತ್ತು. ಗಂಗೆ ಒಮ್ಮೆ ಮುನಿದದ್ದು ಇವಳಿಂದಲೇ ಎಂಬ ದೋಷ ಮಾತ್ರ ಕೊನೆತನಕ ಆ ಹುಡುಗಿಯ ತಲೆಯ ಮೇಲಿರುತ್ತಿತ್ತು. ಅವನು ಉಣ್ಣೆಯನ್ನು ಎತ್ತಿ ಹಿಂಡಿದ, ಸೊಸೆಯ ಮುಖ ನೋಡಿದ.

“ಇದು ಕಾಶಿಯಿಂದ ಬಂದದ್ದಲ್ಲ, ನನ್ನ ಸೊಸೆಯ ತವರಿನಿಂದ ಬಂದದ್ದು. ಇಷ್ಟು ದಿನ ನಾನು ಹೇಳಿದ್ದು ಸುಳ್ಳು. ತಪ್ಪು ಅವಳದಲ್ಲ, ನನ್ನದು.”

ಹಾಗಾದರೆ ಅಜ್ಜ ಮುತ್ತಜ್ಜರ ಕಾಲದಿಂದ ನಾವು ಕುಡಿದದ್ದು ಕುರಿ ಮಿಂದ ನೀರೇ ಎಂದು ಗೌಡ ಕೇಳಿದ. ಕುಡಿದು ಯಾರೂ ಸತ್ತಿಲ್ಲವಲ್ಲ ಎಂದ ಓಬಯ್ಯ. ಮೊದಲು ನಕ್ಕವಳು ಅವನ ಹೆಂಡತಿಯಂತೆ, ಆಮೇಲೆ ಊರಿಗೆ ಊರೇ ನಕ್ಕಿತು. ಕುರಿಗಳ ಹಗ್ಗ ಬಿಚ್ಚಿದರು. ಹಟ್ಟಿಯವರು ಅಂದಿನಿಂದ ಮಡುವಿನಲ್ಲಿ ಕುರಿ ತೊಳೆಯುವುದನ್ನು ಬಿಟ್ಟರು. ಓಬಯ್ಯನನ್ನು ಕಿಚಾಯಿಸಲೆಂದು ಹುಟ್ಟಿದ ಉಣ್ಣೆತೀರ್ಥವೆಂಬ ಹೆಸರು ನಿಂತೇಬಿಟ್ಟಿತು. ತೀರ್ಥ ಕೊಡುವ ಉದ್ಧರಣೆಯನ್ನು ಅವನು ಮಾಳವ್ವನ ಕೈಗೆ ಕೊಟ್ಟ. ಇಂದಿಗೂ ನಮ್ಮ ಮನೆಯಲ್ಲಿ ಅದು ಸೊಸೆಯರ ಕೆಲಸ.

ನೀವು ದೀಪಾವಳಿ ಕಳೆದ ಮೊದಲ ಸೋಮವಾರ ಬಂದರೆ ಅಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಹಟ್ಟಿಯಿಂದ ಇಲ್ಲಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ನೀರಿಗೆ ಬಾಗಿ ಕೂತಿರುತ್ತಾರೆ. ಮೇಲೆ ಅವರ ತಾಯಂದಿರು ಬೆಳಗ್ಗೆ ಬಿಲದಲ್ಲಿ ಬಿಟ್ಟ ಅರಿಶಿನದ ಉಣ್ಣೆ ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಏಳುತ್ತದೆ. ಒಬ್ಬೊಬ್ಬ ತಾಯಿ ಕಟ್ಟುವ ಗಂಟು ಒಂದೊಂದು ತರ. ಇದು ನಮ್ಮವ್ವನದು, ಅಲ್ಲ ನಮ್ಮವ್ವನದು ಎಂದು ಜಗಳ, ನಗು, ಸೀರೆಯೆಲ್ಲ ಒದ್ದೆ. ಫೋನು ಬಂದ ಮೇಲೂ ಇದು ನಿಂತಿಲ್ಲ. ನನ್ನ ಹೆಂಡತಿ ಗುಳ್ಳವ್ವನೂ ಹಟ್ಟಿಯವಳೇ. ಅವಳ ತಾಯಿ ತೀರಿಕೊಂಡ ವರ್ಷ, ಇನ್ನು ನನಗೆ ಕಳಿಸುವವರು ಯಾರು ಎಂದು ಅವಳು ಒಳಗೇ ಕೂತಿದ್ದಳು. ಓರಗಿತ್ತಿ ಕೈಹಿಡಿದು ಎಳೆದುಕೊಂಡು ಹೋದಳು. ಸಾಲಿನ ಕೊನೆಯಲ್ಲಿ ಒಂದು ಉಂಡೆ ಬಂತು. ಸುತ್ತಿದ್ದು ಒರಟು, ಅರಿಶಿನ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ಯಾರೂ ನಮ್ಮದು ಎನ್ನಲಿಲ್ಲ. ಗುಳ್ಳವ್ವ ಎತ್ತಿ ಗಂಟು ನೋಡಿದಳು. ಅರವತ್ತು ದಾಟಿದ ಅವಳ ಅಣ್ಣ, ಜನ್ಮದಲ್ಲಿ ಉಣ್ಣೆಗೆ ಅರಿಶಿನ ಹಚ್ಚದ ಗಂಡಸು, ಅವ್ವ ಕಟ್ಟುತ್ತಿದ್ದ ಹಾಗೆ ಕಟ್ಟಲು ನೋಡಿ, ಬಾರದೆ, ನಾಲ್ಕು ಗಂಟು ಹಾಕಿ ಬಿಟ್ಟಿದ್ದ.