ಮ್ಯಾನೇಜರ್ ಓತಿಕ್ಯಾತ

ಕಾಡಿನ ಫುಟ್‌ಬಾಲ್ ತಂಡಕ್ಕೆ ಓತಿಕ್ಯಾತವೇ ಮ್ಯಾನೇಜರ್. ಆಟಗಾರರ ಸಂಬಳವೆಲ್ಲ ಸೇರಿ ವರ್ಷಕ್ಕೆ ನೂರು ಸೇರು ಕಡಲೆಕಾಯಿ ಮೀರಬಾರದೆಂದು ನಿಯಮವಿತ್ತು.

"ನನಗೆ ಅರವತ್ತು ಸೇರು, ಐದು ವರ್ಷದ ಕರಾರು," ಎಂದಿತು ಗೋಲು ಹೊಡೆಯುವ ಮೊಲ. ಓತಿಕ್ಯಾತ ಯೋಚಿಸುವಷ್ಟರಲ್ಲಿ ಅದರ ತಲೆ ಅಭ್ಯಾಸಬಲದಿಂದ ಹೂಂ ಎಂಬಂತೆ ಆಡಿಬಿಟ್ಟಿತು. ಉಳಿದ ಒಂಬತ್ತು ಮಂದಿ ಕೇಳಿದಾಗಲೂ ಆಡಿತು. ನೂರು ಸೇರೂ ಮುಗಿಯಿತು.

"ಸ್ವಾಮಿ, ಗೋಲಿಗೆ ಯಾರು? ಸಂಬಳವಿಲ್ಲದೆ ತಾವೇ ನಿಲ್ಲುತ್ತೀರಾ?" ಎಂದಿತು ತಂಡದ ಹಿರಿಯ ಆಮೆ.

ತಲೆ ಆಡಿತು. "ಬುದ್ಧಿ ಬೇಡವೆನ್ನುತ್ತದೆ ಆಮೆಯವರೇ, ಈ ಹಾಳು ಕತ್ತು ಕೇಳಬೇಕಲ್ಲ!" ಎಂದು ಓತಿಕ್ಯಾತ ತನ್ನನ್ನೇ ಬೈದುಕೊಂಡಿತು.

ಪಂದ್ಯದಲ್ಲಿ ಎದುರು ತಂಡದ ಕೋತಿಗೆ ಪೆನಾಲ್ಟಿ ಸಿಕ್ಕಿತು. "ಸ್ವಾಮಿ, ಒಂದು ಗೋಲು ಹೊಡೆದುಕೊಳ್ಳಲೇ?" ಎಂದು ಅದು ವಿನಯದಿಂದ ಕೇಳಿತು.

ಈ ಸಲವಾದರೂ ಒಪ್ಪಬಾರದೆಂದು ಓತಿಕ್ಯಾತ ಎರಡೂ ಕೈಯಿಂದ ತಲೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಚೆಂಡು ಅದರ ಪಕ್ಕದಲ್ಲೇ ಒಳಗೆ ಹೋಯಿತು.