ಗೌಡರ ಇಂಗ್ಲಿಷ್ ಪ್ರಾಸ

ಸಾವಿರ ಲಗ್ನಪತ್ರಿಕೆಗಳ ಆರ್ಡರು. ಪರ್ವತಗೌಡರ ಷರತ್ತು ಒಂದೇ: ಮೇಲೆ ಇಂಗ್ಲಿಷ್ ಪದ್ಯ ಬೇಕು, ಪ್ರಾಸವೂ ಕೂಡಬೇಕು, ಅರ್ಥವೂ ಇರಬೇಕು. ಇಲ್ಲದಿದ್ದರೆ ಆರ್ಡರು ಎದುರಿನ ಪ್ರೆಸ್ಸಿಗೆ.

ಈ ಪ್ರೆಸ್ಸಿನ ಮಾಲೀಕ ಗುರುಶಾಂತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ಗೌಡ್ರ, ಮಗಳ ಮದುವಿ ಪದ್ಯ ಅಪ್ಪನ ಬಾಯಿಂದ್ಲೇ ಬರಬೇಕ್ರಿ. ನೀವ್ ಹೇಳ್ರಿ, ನಾ ಜೋಡಿಸ್ತೀನಿ" ಎಂದ.

ಗೌಡರು ಮೀಸೆ ತಿರುವಿದರು. "ಬ್ರೈಡ್... ಪ್ರೈಡ್!"

"ಅರ್ಥ ಏನ್ರಿ?"

"ಮದುಮಗಳು. ಹೆಮ್ಮೆ."

"ವಾಹ್! ಕವಿಗಳು ಬಿಡ್ರಿ ನೀವು!"

ಆರ್ಡರು ಉಳಿಯಿತು. ಆದರೆ ಗೌಡರಿಗೆ ಆ 'ವಾಹ್' ರುಚಿ ಹತ್ತಿತು. ಮದುವೆ ಮುಗಿದರೂ ದಿನಾ ಬಂದು ಕೂತು ಪ್ರಾಸ ಹೇಳುತ್ತಾರೆ, ಅರ್ಥ ಬಿಡಿಸುತ್ತಾರೆ. ಗಿರಾಕಿಗಳು ಬಾಗಿಲಲ್ಲೇ ತಿರುಗಿ ಎದುರಿನ ಪ್ರೆಸ್ಸಿಗೆ ಹೋಗುತ್ತಾರೆ. ಅವತ್ತೇ ಗೌಡರನ್ನು ಆ ಕಡೆ ಸಾಗಹಾಕಬೇಕಿತ್ತೆಂದು ಗುರುಶಾಂತ ಕೈಕೈ ಹಿಸುಕಿಕೊಳ್ಳುತ್ತಾನೆ.

ಗಳಿಸಿದ್ದು ಇಷ್ಟು: ಒಂದು ಆರ್ಡರು, ಕುರ್ಚಿ ಬಿಟ್ಟೇಳದ ಒಬ್ಬ ಕವಿ.