ಹೊಸ ಗಂಟಲಿನ ಗರಗಸ

"ಮರ ಕೊಯ್ಯದಿದ್ದರೆ ಗುಜರಿಗೆ ಹಾಕುತ್ತೇನೆ" ಎಂದು ಯಜಮಾನ ಗದರಿದಾಗ ಪುಟ್ಟ ಮೆಷಿನ್ ಗರಗಸ ತಪ್ಪನ್ನೆಲ್ಲ ಇಂಜಿನ್ನಿನ ಮೇಲೆ ಹಾಕಿತು. "ನನಗೆ ದಮ್ಮು ಸಾಲದು!"

ಮೆಕ್ಯಾನಿಕ್ ಪಾಸ್ಕಲ ಪಿಸ್ಟನ್ ಬದಲಿಸಿದ, ಹೊಗೆ ಹೋಗುವ ತೂತನ್ನು ಅಗಲ ಮಾಡಿದ. ಪಕ್ಕದಲ್ಲಿದ್ದ, ಗರಗಸ ಮಸೆಯುವ ಅರ ಕೇಳಿತು, "ಹಾಗೇ ಹಲ್ಲನ್ನೂ ಚೂಪು ಮಾಡಿಕೊಡಲೇ?"

"ಸಿಂಗಾರ ಆಮೇಲೆ," ಎಂದಿತು ಗರಗಸ, "ಮೊದಲು ಶಕ್ತಿ."

ಇಂಜಿನ್ ಚಾಲೂ ಆದದ್ದೇ ತಡ, ಬೀದಿನಾಯಿಗಳು ಬಾಲ ಮುದುರಿಕೊಂಡು ಓಡಿದವು. ಗರಗಸಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದಕ್ಕೆ ಕಾಲೇ ಇಲ್ಲ ಎಂಬುದು ಬೇರೆ ಮಾತು. ಅಂಗಳದ ಹುಣಸೆ ಕೊರಡಿನ ಮೇಲೆ ಏರಿಹೋಗಿ ಗುಡುಗಿತು, ಹೊಗೆ ಕಾರಿತು, ಸುಟ್ಟ ವಾಸನೆ ಎಬ್ಬಿಸಿತು. ಕೊನೆಗೆ ಏದುಸಿರು ಬಿಡುತ್ತ ಕೇಳಿತು, "ಹೇಗಿತ್ತು ನನ್ನ ಹೊಡೆತ?"

"ಬೆನ್ನು ಕೆರೆದದ್ದಕ್ಕೆ ಉಪಕಾರವಾಯಿತು," ಎಂದಿತು ಕೊರಡು. "ಇನ್ನು ಸ್ವಲ್ಪ ಎಡಕ್ಕೆ."

ಗರಗಸ ತನ್ನ ಚೈನನ್ನು ನೋಡಿಕೊಂಡಿತು. ಹಿಂದೊಮ್ಮೆ ಕಲ್ಲಿಗೆ ತಾಗಿ ಸವೆದ ಹಲ್ಲುಗಳು ಹಾಗೇ ಮೊಂಡಾಗಿದ್ದವು. ನಗು ತಡೆಯಲಾಗದೆ ಕೂಗಿತು, "ಬಾ ಮಾರಾಯ ಅರವೇ! ಹಲ್ಲಿಲ್ಲದ ಬಾಯಿಗೆ ದೊಡ್ಡ ಗಂಟಲು ಹಾಕಿಸಿಕೊಂಡು ಬಂದಿದ್ದೇನೆ!"